ಸುಣ್ಣದ ದೇವಕಮ್ಮ ಅಳಿಸದ ಗುರುತು

ಬೆಳಕು ಹರಿಯುವ ಮೊದಲೇ ದೇವಕಮ್ಮ ಹಳೇ ಸೀರೆಯ ತುಂಡಿನಲ್ಲಿ ಸುಣ್ಣದ ನೀರು ಸೋಸುತ್ತಿದ್ದಾರೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಮನೆಗಳಿಗೆ ಸುಣ್ಣ ಬಳಿಯುವುದೇ ಅವರ ಕಸುಬು. ಬಿಸಿಲೇರಿದರೆ ಕೆಲಸ ಕೆಡುತ್ತದೆ, ಮಾತು ಆಮೇಲೆ ಎಂದು, ಅವರ ಕತೆ ಕೇಳಿ ಬರೆಯಲು ಬಂದ ನನ್ನನ್ನು ಕಟ್ಟೆಯ ಮೇಲೆ ಕೂರಿಸುತ್ತಾರೆ.

ಈ ಓಣಿಯವರು ಬೌದ್ಧರು. ಎರಡು ವರ್ಷದ ಹಿಂದೆ ಇಲ್ಲಿ ನೀಲಿ ಬಾವುಟ ಏರಿಸಿದ ಮರುದಿನ ಪ್ರತಿ ಬಾಗಿಲ ಪಕ್ಕದಲ್ಲೂ ಕೆಂಪು ಬಣ್ಣದ ಕೊಡಲಿ ಮೂಡಿತ್ತು. ದ್ವೇಷ ಕಾರುವ ಗುಂಪೊಂದರ ಗುರುತದು. ಊರು ಬಿಡಿ ಎಂಬುದನ್ನು ಒಂದಕ್ಷರ ಬರೆಯದೆ ಹೇಳಿ ಹೋಗಿದ್ದರು ಹೇಡಿಗಳು. ಪೊಲೀಸರು ಫೋಟೊ ತೆಗೆದು, ಇಬ್ಬರನ್ನು ಹಿಡಿದರು. ಗೋಡೆಗಳು ದೇವಕಮ್ಮನ ಪಾಲಿಗೆ ಬಂದವು.

“ಎಣ್ಣಿ ಪೇಂಟಿನ ಮ್ಯಾಲ ಸುಣ್ಣ ನಿಲ್ಲಂಗಿಲ್ರಿ. ಎಲ್ಲಾ ಕೆರದು ತೆಗದೆ, ಕೈ ಸುಲದು ಹೋತು,” ಎನ್ನುತ್ತಾರೆ. ಗೋಡೆ ಬೆಳ್ಳಗಾದರೂ ಸೊಸೆ ಭಾಗ್ಯಳ ಭಯ ಹೋಗಲಿಲ್ಲ. ಇನ್ನೊಮ್ಮೆ ಏನಾದರೂ ಕಂಡರೆ ಪುಟ್ಟ ಮಗಳು ಶಿವಾನಿಯನ್ನು ಎತ್ತಿಕೊಂಡು ಕಡೇಚೂರಿನ ತವರಿಗೆ ಹೋಗಿಬಿಡುತ್ತೇನೆ ಎಂದಿದ್ದಳು.

ಮೊನ್ನೆ ಕಂಡೇಬಿಟ್ಟಿತು. ಸಂಜೆ ಓಣಿಯವರು ಮಕ್ಕಳ ಸಮೇತ ಹೊಲದಿಂದ ಬಂದು ನೋಡಿದರೆ ಗೋಡೆಗಳ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಎರಡು ಗೀಟು ಅಡ್ಡಡ್ಡ ಎಳೆದ ಕತ್ತರಿ ಗುರುತು. ಭಾಗ್ಯ ಬ್ಯಾಗಿಗೆ ಬಟ್ಟೆ ತುಂಬಿದಳು. ದೇವಕಮ್ಮ ಒಂದನ್ನೂ ಬಿಡದೆ ಒರೆಸಿ ಹಾಕಿದರು.

ಮರುದಿನ ಬೆಳಿಗ್ಗೆ ಲಸಿಕೆ ಡಬ್ಬಿ ಹೊತ್ತು ಬಂದ ಆಶಾ ಕಾರ್ಯಕರ್ತೆ ಮಕ್ತುಂಬಿ ಗೋಡೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರಂತೆ. ಪೋಲಿಯೊ ಹನಿ ಹಾಕಲು ಬಂದಾಗ ಮಗು ಸಿಗದ ಮನೆಗೆ ಕತ್ತರಿ ಗುರುತು ಹಾಕುವುದು ಅವರ ರೂಢಿ.

“ತಿರುಗಿ ಬರಬೇಕಂತ ನಾನಽ ಹಾಕಿದ್ದೆ. ಎಲ್ಲಾ ಒರಸಿ ಕುಂತೀಯಲ್ಲವ್ವ!”

ಬಿಗಿಹಿಡಿದ ಉಸಿರನ್ನು ಇಡೀ ಓಣಿ ಒಮ್ಮೆಗೇ ಬಿಟ್ಟಿತು. ಭಾಗ್ಯ ಅತ್ತಳು, ನಕ್ಕಳು, ಶಿವಾನಿಯನ್ನು ತಾನೇ ಎತ್ತಿ ತಂದು ಬಾಯಿ ತೆರೆಸಿದಳು. ಬ್ಯಾಗು ಬರಿದಾಯಿತು. ಮಕ್ತುಂಬಿಗೆ ಮನೆ ತೋರಿಸುತ್ತ ಓಣಿ ಸುತ್ತಿದವರು ಗುರುತು ಒರೆಸಿದ ದೇವಕಮ್ಮನೇ. ಕೇಳುತ್ತಾ ನನಗೂ ನಗು, ನಿರಾಳ.

ಇವತ್ತು ಅವರದೇ ಮನೆಯ ಸರದಿ. ಗೋಡೆಯೆಲ್ಲ ಬಳಿದಾಗಿದೆ. ಹನಿ ಹಾಕಿದ ಮೇಲೆ ಮಕ್ತುಂಬಿ ಬರೆದು ಹೋದ ಕೆಂಪು ‘ಪಿ’ ಅಕ್ಷರದ ಸುತ್ತ ಮಾತ್ರ ಗೇಣು ಜಾಗ ಹಾಗೇ ಉಳಿದಿದೆ. ಯಾಕೆ ಬಿಟ್ಟಿರಿ ಎನ್ನುತ್ತೇನೆ.

“ಇದನ್ನ ಒರಸಂಗಿಲ್ರಿ. ನಮ್ಮ ಕೂಸು ಹನಿ ಇಲ್ದ ಉಳದದಂತ ಹುಡಿಕ್ಕೋತ ತಿರುಗಿ ಬಂದಾರ. ಅಂಥಾ ಮಂದೀನೂ ಈ ಊರಾಗ ಅದಾರಂತ ನಮ್ಮ ಭಾಗ್ಯಾಗ ದಿನಾ ಕಾಣ್ಲಿ.”