ಸೂಜಿ ಮುಂದೆ ಎಲ್ಲಿಗೆ ಹೋಯಿತು?

ಇಳಕಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನಾನು ಗ್ರಂಥಪಾಲಕಿಯಾಗಿದ್ದ ಕೊನೆಯ ವರ್ಷ ಓದುಗರ ಬಳಕೆಗೆಂದು ಎರಡು ಕಂಪ್ಯೂಟರ್ ಬಂದವು. ಇದ್ದದ್ದು ವರ್ಡ್ ಪ್ರೊಸೆಸಿಂಗ್ ಮಾತ್ರ, ಅಂದರೆ ಬರೆಯುವುದು, ಅಳಿಸಿ ತಿದ್ದುವುದು, ಪ್ರಿಂಟ್ ತೆಗೆಯುವುದು. ಇಂಟರ್‌ನೆಟ್ ಇಲ್ಲವೆಂದು ತಿಳಿದ ಕೂಡಲೇ ಕಾಲೇಜು ಹುಡುಗರು ಅತ್ತ ತಿರುಗಿಯೂ ನೋಡಲಿಲ್ಲ. ಬೇರೆ ಜಾಗವಿಲ್ಲದೆ ಅವನ್ನು ಪತ್ರಿಕೆ ಓದುವ ಕೊಠಡಿಯಲ್ಲೇ ಇಡಿಸಿದ್ದೆ, 'ನಿಶ್ಶಬ್ದವಾಗಿರಿ' ಎಂಬ ಫಲಕದ ಕೆಳಗೆ.

ಮೊದಲು ಬಂದವರು ಶಮೀಮಬಾನು. ಕಸೂತಿಯಲ್ಲಿ ಪಳಗಿದ ಕೈ. ಹುನಗುಂದದ ತರಬೇತಿ ಕೇಂದ್ರವೊಂದು ಅವರನ್ನು ಶಿಕ್ಷಕಿಯಾಗಿ ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಮಾದರಿ ಪಾಠವೊಂದನ್ನು ಟೈಪ್ ಮಾಡಿ ಆ ವಾರದೊಳಗೆ ಕೊಡಬೇಕಿತ್ತು.

"ಅಂಗಡ್ಯಾಗ ಟೈಪ್ ಮಾಡ್ಸಿದ್ನಿರಿ. ಅವ್ರಿಗೆ ಸೂಜಿ ಹಿಡದು ಗೊತ್ತಿಲ್ಲ, ಏನೇನೋ ಬರದ್ರು. ನಾನ ಬರೀತೇನ್ರಿ ಮೇಡಂ" ಎಂದರು.

ಕೀಲಿಗಳ ಜಾಗ ಬೇಗನೆ ಕೈಗೆ ಹತ್ತಿತು. ತೊಡಕು ಒಂದೇ: ಬಾಯಿಬಿಟ್ಟು ಹೇಳದೆ ಅವರಿಗೆ ಬರೆಯಲು ಬಾರದು. "ದಾರಕ್ಕ ಗಂಟು ಹಾಕಬಾರದು... ನಾಕ ಎಳಿ ಹಿಡಿ, ನಾಕ ಎಳಿ ಬಿಡು..." ಎಂದು ಒಂದೊಂದು ಪದವನ್ನೂ ಜೋರಾಗಿ ಹೇಳುತ್ತಲೇ ಒತ್ತುತ್ತಿದ್ದರು.

ದಿನವೂ ಪೇಪರ್ ಓದಲು ಬರುವ ನಿವೃತ್ತ ಶಿಕ್ಷಕ ಕುಲಕರ್ಣಿ ಮಾಸ್ತರರು ಗಡುವಿನ ಹಿಂದಿನ ಸಂಜೆ ಸಿಟ್ಟಿಗೆದ್ದು ನನ್ನ ಟೇಬಲ್ಲಿಗೆ ಬಂದರು. "ಇದು ಲೈಬ್ರರಿನೋ ಸಂತಿನೋ? ಆ ಬೋರ್ಡ್ ಯಾಕ ಹಾಕೀರಿ ಮತ್ತ?"

ಮಾಸ್ತರರ ಮಾತಿಗೆ ಎದುರಾಡುವಂತಿರಲಿಲ್ಲ. ನಿಯಮ ಇದ್ದದ್ದೇ ಹಾಗೆ. ಶಮೀಮಬಾನು ಅವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬಾಯಿ ನಿಂತದ್ದೇ ಬೆರಳೂ ನಿಂತವು. ಪಾಠ ಇನ್ನೂ ಅರ್ಧ ಬಾಕಿ.

ಕೊಠಡಿ ಗಪ್ಪಾಯಿತು. ಆದರೆ ಯಾರೂ ಪೇಪರಿನ ಪುಟ ಮಗುಚುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾಸ್ತರರೇ ಕನ್ನಡಕ ತೆಗೆದು, "ತಂಗಿ, ಆ ಸೂಜಿ ನಾಕ ಎಳಿ ಬಿಟಗೋತ ತುದಿ ಮುಟ್ಟಿತ್ತಲ್ಲ, ಮುಂದ ಎಲ್ಲಿಗೆ ಹೋತು?" ಎಂದರು.

"ಅದ ದಾರ್ಯಾಗ ಹೊಳ್ಳಿ ಬರತೈತ್ರಿ, ಬಿಟ್ಟ ಜಾಗಾ ತುಂಬಕೋತ."

"ಹಂಗ ಬರಿ ಮತ್ತ. ಸ್ವಲ್ಪ ಜೋರಾಗಿ ಹೇಳು, ನನಗ ಕಿವಿ ಮಂದ."

ಬಾಗಿಲು ಹಾಕುವ ಹೊತ್ತಿಗೆ ಪ್ರಿಂಟ್ ಶಮೀಮಬಾನು ಕೈಯಲ್ಲಿತ್ತು. ಕೆಲಸವೂ ಸಿಕ್ಕಿತು. ಫಲಕವನ್ನು ನಾನು ಒಳಗಿನ ಪುಸ್ತಕದ ಕೋಣೆಗೆ ಹಾಕಿಸಿದೆ. ಬರೆಯಲು ಕೂತವರಿಗೆ ಕಂಪ್ಯೂಟರಿನಷ್ಟೇ, ಕೇಳುವ ಒಂದು ಕಿವಿಯೂ ಬೇಕೆಂದು ನೌಕರಿಯ ಕೊನೆಗೆ ಕಲಿತೆ.

ಮೊನ್ನೆ ಅತ್ತ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕುಲಕರ್ಣಿ ಮಾಸ್ತರರು ಕೂತು, ತಮ್ಮ ಶಾಲೆಯ ನೆನಪುಗಳನ್ನು ಇಡೀ ಕೊಠಡಿಗೆ ಕೇಳುವಂತೆ ಹೇಳಿಕೊಳ್ಳುತ್ತ ಟೈಪ್ ಮಾಡುತ್ತಿದ್ದರು. ಪೇಪರ್ ಹಿಡಿದವರಲ್ಲಿ ಒಬ್ಬರೂ ಓದುತ್ತಿರಲಿಲ್ಲ.