ಇಸಾಬೆಲ್ ಬಾಯಿಯ ಕತ್ತರಿ

ಇಸಾಬೆಲ್ ಬಾಯಿ ಯಾವ ಬಟ್ಟೆಯನ್ನೂ ಬಂದ ದಿನವೇ ಕತ್ತರಿಸುತ್ತಿರಲಿಲ್ಲ. ಮೇಜಿನ ಮೇಲೆ ಹರಡಿ, ಅಂಗೈಯಿಂದ ಒಮ್ಮೆ ಸವರಿ, ಹಾಗೇ ಬಿಟ್ಟು ಅಡುಗೆಮನೆಗೆ ಹೋಗುತ್ತಿದ್ದರು. ಮೀನಿಗೆ ಮಸಾಲೆ ಅರೆಯುವ ನಡುವೆ ಬಾಗಿಲಿಗೆ ಬಂದು, ಕೈ ಒದ್ದೆ ಇರುವಾಗಲೇ, ದೂರದಿಂದ ಬಟ್ಟೆಯನ್ನು ನೋಡುತ್ತಿದ್ದರು. ಮರುದಿನ ಸೀಮೆಸುಣ್ಣದ ಗೆರೆ. ಕತ್ತರಿ ಅದರ ನಂತರ. ಅವಸರ ಮಾಡುವ ಗಿರಾಕಿಗಳಿಗೆ ಉತ್ತರ ಸಿದ್ಧವಿರುತ್ತಿತ್ತು: "ಕತ್ರಿಸಿದ್ದನ್ನ ಮತ್ತೆ ಬಟ್ಟೆ ಮಾಡೂಕೆ ನಂಗೆ ಬರೂದಿಲ್ಲ. ನಾಳೆ ಬನ್ನಿ."

ಕಾರವಾರದ ಹಬ್ಬುವಾಡದಲ್ಲಿ ಅವರ ಮನೆಯ ರಸ್ತೆ ಬದಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಒಂದು ಪತ್ರಿಕೆಯ ಜಿಲ್ಲಾ ವರದಿಗಾರ. ಅವರು ನನ್ನನ್ನು ಹೆಸರು ಹಿಡಿದು ಕರೆದ ನೆನಪಿಲ್ಲ. "ಓ ಪೇಪರಿನವ್ರೆ, ಚಾ ಆಗ್ಯದೆ" ಎಂದು ಹಿಂದಿನಿಂದ ಕೂಗು ಬರುತ್ತಿತ್ತು.

ಬಟ್ಟೆ ಕತ್ತರಿಸಿದ ಹಾಗೆಯೇ ಅವರು ಸಂಸಾರವನ್ನೂ ನಡೆಸಿದರು. ಗಂಡ ಕಾಯ್ತಾನ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಜೀಪು ಓಡಿಸುತ್ತಿದ್ದವರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಹೊಲಿಗೆಯ ಮೇಜನ್ನು ಖಾಲಿ ಮಾಡಿ ಗಂಡ, ಹೆಂಡತಿ, ಮಗಳು ರೀನಾ ಸುತ್ತ ಕೂರುತ್ತಿದ್ದರು. ಅಕ್ಕಿ, ಲೈಟ್ ಬಿಲ್ಲು, ರೀನಾಳ ಶಾಲೆ, ಅವರ್ಸಾದ ತವರಿನಲ್ಲಿದ್ದ ತಾಯಿಯ ಔಷಧ, ಎಲ್ಲವೂ ಆ ಮೇಜಿನ ಮೇಲೆ ಬಾಯಿಮಾತಿನಲ್ಲೇ ಹರಡುತ್ತಿದ್ದವು. ಮಗಳನ್ನು ಹೊರಗೆ ಕಳಿಸುವ ಪದ್ಧತಿ ಇರಲಿಲ್ಲ. "ಮನೇಲಿ ಎಷ್ಟು ಬಟ್ಟೆ ಅದೆ ಹೇಳಿ ಗೊತ್ತಿದ್ದ ಮಗು ಉದ್ದ ಲಂಗ ಬೇಕು ಹೇಳಿ ಅಳೂದಿಲ್ಲ" ಎನ್ನುತ್ತಿದ್ದರು.

ಕಾಯ್ತಾನ ಒಮ್ಮೆ ದೊಡ್ಡ ಟಿ.ವಿ.ಯ ಮಾತೆತ್ತಿದ್ದರು. ಬಾಯಿ ಮೇಜಿನ ಮೇಲೆ ಕೈಯಾಡಿಸಿ, "ಈ ಅಂಗಿಗೆ ತೋಳು ಬರೂದಿಲ್ಲ" ಅಂದರು.

"ಹಂಗಾರೆ ತೋಳಿಲ್ದೇ ಹೊಲಿ ಮಾರಾಯ್ತಿ," ಎಂದು ಕಾಯ್ತಾನ ನಕ್ಕು ಎದ್ದರು. ಟಿ.ವಿ. ಬರಲಿಲ್ಲ. ಮೇ ತಿಂಗಳಲ್ಲಿ ಒಣಮೀನು, ಕುಚ್ಚಲಕ್ಕಿ, ಮೆಣಸು, ಕಟ್ಟಿಗೆ ಮಾತ್ರ ತಪ್ಪದೆ ಬಂದವು. ಮಳೆಗಾಲಕ್ಕೆ ಬೋಟುಗಳು ದಡ ಸೇರಿ ಮೀನಿನ ದರ ಏರಿದಾಗ ಬಾಯಿ ನಿರಾಳವಾಗಿರುತ್ತಿದ್ದರು. "ಜೂನ್‌ನಾಗೆ ನಮ್ಮನೇಲಿ ದುಡ್ಡು ಇರೂದಿಲ್ಲ ಪೇಪರಿನವ್ರೆ. ಊಟ ಇರ್ತದೆ."

ಅವರಿಗೆ ಹೊಲಿಗೆಯಲ್ಲಿ ಹೆಸರು ತಂದದ್ದು ಸಾಡೊ. ಅಲ್ಲಿಯ ಕ್ರೈಸ್ತರ ಮದುವೆಯಲ್ಲಿ ವಧು ಇಗರ್ಜಿಯ ಬಿಳಿ ಉಡುಪು ಕಳಚಿದ ಮೇಲೆ ತೊಡುವ ಕೆಂಪು ಉಡುಪು ಅದು. ಅದರ ಬಟ್ಟೆಯನ್ನು ಅಂಗಡಿಯಲ್ಲಿ ಕತ್ತರಿಸುವಂತಿಲ್ಲ. ದರ್ಜಿಯೇ ವಧುವಿನ ಮನೆಗೆ ಹೋಗಬೇಕು. ನೆಂಟರೆಲ್ಲ ಸೇರಿದ ಮೇಲೆ, ಕತ್ತರಿ ಬಟ್ಟೆಗೆ ತಾಗುವ ಕ್ಷಣದಲ್ಲೇ ಅಂಗಳದಲ್ಲಿ ಪಟಾಕಿ ಸಿಡಿಯುತ್ತದೆ. ನೆಂಟರು ಕೆಂಪು ಬಟ್ಟೆಯ ಮೇಲೆ ನಾಣ್ಯ ಹಾಕುತ್ತಾರೆ. ಅಂಕೋಲೆಯವರೆಗೂ ಆ ಮೊದಲ ಕತ್ತರಿಗೆ ಇಸಾಬೆಲ್ ಬಾಯಿಯೇ ಬೇಕು ಅನ್ನುವವರಿದ್ದರು.

ಒಂದು ಶನಿವಾರ ಕದ್ರಾದಿಂದ ಕಾಯ್ತಾನ ಬರಲಿಲ್ಲ. ಎದೆನೋವು ಎಂದು ಸುದ್ದಿ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಬಾಯಿ ಕಪ್ಪು ಉಟ್ಟರು. ರೀನಾ ಆಗ ನರ್ಸಿಂಗ್ ಸೇರಿ ಒಂದು ವರ್ಷವಾಗಿತ್ತು. ಮುಂದಿನ ಭಾನುವಾರ ತಾಯಿ ಮಗಳು ಇಬ್ಬರೇ ಮೇಜಿಗೆ ಕೂತದ್ದು ನನ್ನ ಕೋಣೆಯಿಂದ ಕಾಣುತ್ತಿತ್ತು. ಎದ್ದಾಗ ಒಂದು ತೀರ್ಮಾನವಾಗಿತ್ತು: ಏನು ಬಿಟ್ಟರೂ ನರ್ಸಿಂಗ್ ಬಿಡುವುದಿಲ್ಲ, ಹೊಲಿಗೆಯೇ ಅದನ್ನು ದಾಟಿಸಬೇಕು.

ಆ ವರ್ಷದ ಮದುವೆ ಕಾಲಕ್ಕೆ ಬಿಳಿ ಉಡುಪುಗಳು ಬಂದವು. ಕೆಂಪು ಬರಲಿಲ್ಲ. ಯಾರೂ ಕಾರಣ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಂಡ ಸತ್ತವಳ ಕೈಯಿಂದ ಶುಭದ ಮೊದಲ ಕತ್ತರಿ ಬೇಡವೆಂಬುದು ಹಿಂದೂಗಳ ಮನೆಯಲ್ಲಿ ಎಷ್ಟು ಗಟ್ಟಿಯೋ ಇಗರ್ಜಿಗೆ ಹೋಗುವವರ ಮನೆಯಲ್ಲೂ ಅಷ್ಟೇ ಗಟ್ಟಿ. ದೂರದಲ್ಲಿ ಪಟಾಕಿ ಕೇಳಿದರೆ ಬಾಯಿಯ ಮಷಿನಿನ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ಹೊರಡುತ್ತಿತ್ತು.

ಅಂಥ ದಿನಗಳಲ್ಲಿ ಅವರ್ಸಾದ ಕ್ಲೆಮೆಂಟಿನಾ ಎಂಬವರು ಒಂದು ಗಂಟು ಹಿಡಿದು ಬಂದರು. ಅವರ ಹಿರಿಮಗಳ ಬಿಳಿ ಉಡುಪು ಬಾಯಿಯೇ ಹೊಲಿಯುತ್ತಿದ್ದರು. ಗಂಟಿನಲ್ಲಿದ್ದದ್ದು ಕೆಂಪು ರೇಷ್ಮೆ.

"ಸ್ವಲ್ಪ ಹರದದೆ ಬಾಯಿ."

ಬಾಯಿ ಬಟ್ಟೆ ಹರಡಿದರು. ಅಂಚಿನಿಂದ ನೆಟ್ಟಗೆ ಹೊರಟ ಸೀಳು ಸರಕ್ಕನೆ ತಿರುಗಿ ನಡುಭಾಗಕ್ಕೆ ನುಗ್ಗಿತ್ತು.

"ಇದು ಹರದದ್ದಲ್ಲ. ಪಟಾಕಿ ಹೊಡೀವಾಗ ಯಾರೋ ಬೆಚ್ಚಿದ್ದು."

ಕ್ಲೆಮೆಂಟಿನಾ ತಲೆ ತಗ್ಗಿಸಿದರು. "ಪೇಟೆಯ ಹೊಸ ದರ್ಜಿ. ಪಾಪ, ಸಾಡೊ ಕತ್ರಿಸಿದ್ದು ಅದೇ ಮೊದಲು. ಢಂ ಅಂದದ್ದೇ ಹಾರಿಬಿದ್ದ."

ಬಾಯಿ ನಕ್ಕರು. "ಗಂಡ ಸತ್ತವಳ ಕೈ ಆಗೂದಿಲ್ಲ, ಹೆದರಿದವನ ಕೈ ಆಗ್ತದೆ?"

"ನಾ ಹಂಗೆ ಹೇಳ್ಲಿಲ್ಲ. ಊರವ್ರ ಬಾಯಿ..."

"ಊರವ್ರ ಬಾಯಿಗೆ ನಾನು ಅಳತೆ ತಕ್ಕೊಂಡಿಲ್ಲ."

ಬಟ್ಟೆಯನ್ನು ಅಡ್ಡ ತಿರುಗಿಸಿ, ಮಡಚಿ, ಮತ್ತೆ ಬಿಡಿಸಿ ನೋಡಿದರು. "ಆಗ್ತದೆ. ಸೀಳು ಕಾಣದ ಹಾಗೆ ತೆಗೀತೆ. ಆದ್ರೆ ಇಲ್ಲಿ ಕೂತು ಕತ್ರಿಸೂದಿಲ್ಲ. ನಿಮ್ಮ ಮನೆಗೆ ಬರ್ತೆ. ಎಲ್ಲರೂ ಇರ್ಬೇಕು. ಪಟಾಕಿ ಹೊಡೀಬೇಕು."

ಕ್ಲೆಮೆಂಟಿನಾ ಗಂಟು ಕಟ್ಟಿಕೊಂಡು ಹೋದರು. ರಜೆಗೆ ಬಂದಿದ್ದ ರೀನಾಳಿಗೆ ತಡೆಯಲಾಗಲಿಲ್ಲ.

"ಮಾಂಯ್, ಫೀಸು ಕಟ್ಟೂ ದಿನ ಬಂತು. ಇಲ್ಲೇ ಮಾಡಿ ಕೊಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅದೇ ಕಷ್ಟ ಮಗಾ. ಇವತ್ತು ಹಿಂದಿನ ಬಾಗಿಲಲ್ಲಿ ತಕ್ಕೊಂಡ್ರೆ ನಾಳೆ ಎಲ್ಲರೂ ಹಿಂದಿನ ಬಾಗಿಲಿಗೇ ಬರ್ತ್ರು. ಹಿಂದಿನ ಬಾಗಿಲ ಕೆಲ್ಸಕ್ಕೆ ಕೂಲಿ ಕಮ್ಮಿ. ನಿನ್ನ ಓದು ಇನ್ನೂ ಅದೆ."

ನಾನು ಅನೇಕರ ಸ್ವಾಭಿಮಾನದ ಭಾಷಣ ವರದಿ ಮಾಡಿದ್ದೇನೆ. ಸ್ವಾಭಿಮಾನದ ಜೊತೆಗೆ ಮನೆಖರ್ಚಿನ ಲೆಕ್ಕವನ್ನೂ ಅಷ್ಟು ಸಲೀಸಾಗಿ ಹೇಳಿದವರನ್ನು ಬೇರೆ ಕಂಡಿಲ್ಲ.

ಎರಡು ದಿನ ಸುದ್ದಿ ಇರಲಿಲ್ಲ. ರೀನಾ ತಾಯಿಯೊಡನೆ ಮಾತು ಬಿಟ್ಟಿದ್ದಳು. ಮೂರನೆಯ ಬೆಳಿಗ್ಗೆ ಮದುಮಗಳೇ ಫೋನು ಮಾಡಿದಳು: "ಬನ್ನಿ ಬಾಯಿ. ಸಾಡೊ ಉಡೂದು ನಾನು, ಊರವ್ರಲ್ಲ." ನನ್ನ ಸ್ಕೂಟರಿನ ಹಿಂದೆ ಕೂತು ಬಾಯಿ ಅವರ್ಸಾಕ್ಕೆ ಹೊರಟರು. ಕಪ್ಪು ಸೀರೆ, ಮಡಿಲಲ್ಲಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಕತ್ತರಿ.

ಪಡಸಾಲೆ ತುಂಬಿತ್ತು. ಕಪ್ಪು ಸೀರೆ ಒಳಗೆ ಬಂದಾಗ ನೆಂಟರು ಸರಿದು ದಾರಿ ಬಿಟ್ಟರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಮುಖ ತಿರುಗಿಸಿದಳು. ಮದುಮಗಳು ತಾನೇ ಚಾಪೆ ಹಾಸಿ ಕೆಂಪು ಬಟ್ಟೆ ಹರಡಿದಳು. ಬಾಯಿ ಗೆರೆ ಎಳೆದರು, ಹಣೆಗೂ ಎದೆಗೂ ಶಿಲುಬೆಯ ಗುರುತು ಮಾಡಿಕೊಂಡರು, ಕತ್ತರಿ ಬಿಚ್ಚಿದರು. ಅಂಗಳದಲ್ಲಿ ಪಟಾಕಿ ಸಿಡಿಯಿತು. ಮಕ್ಕಳು ಚೀರಿದರು, ಕ್ಲೆಮೆಂಟಿನಾ ಕಿವಿ ಮುಚ್ಚಿಕೊಂಡರು, ಬಾಗಿಲಲ್ಲಿ ನಿಂತಿದ್ದ ನಾನೂ ಬೆಚ್ಚಿದೆ. ಕತ್ತರಿ ಗೆರೆ ಬಿಡಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸದ್ದಿನಲ್ಲಿ ಹೋಯಿತು.

ಮೊದಲ ನಾಣ್ಯ ಬಿದ್ದದ್ದು ಮೂಲೆಯಿಂದ. ಮುದುಕಿ ಎಸೆದದ್ದು.

ಆಮೇಲೆ ಕೆಂಪು ಬಟ್ಟೆಗಳು ಮತ್ತೆ ಬರತೊಡಗಿದವು, ಮುಂದಿನ ಬಾಗಿಲಿನಿಂದ. ರೀನಾ ಓದು ಮುಗಿಸಿ ಮಡಗಾಂವಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ಸಂಬಳ ತಂದ ಭಾನುವಾರ ಮೇಜಿನ ಸುತ್ತ ನನ್ನನ್ನೂ ಕೂರಿಸಿದ್ದರು. ಬಾಯಿ ಮೇಜು ಸವರಿ, "ಈಗ ತೋಳು ಬರ್ತದೆ" ಅಂದರು. ಗಂಡ ಕೂರುತ್ತಿದ್ದ ಕಡೆಗೆ ತಿರುಗಿ, "ಅವರು ಇರ್ಬೇಕಿತ್ತು."

ನನಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ತಡವಾಗಿ ತಿಳಿಯಿತು. ಹಬ್ಬುವಾಡದ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ನಮ್ಮ ಕೊನೆಯ ಭೇಟಿ ಅವರು ತೀರಿಕೊಳ್ಳುವ ಮೊದಲೊಮ್ಮೆ, ಕಾರವಾರದ ಬಸ್ ನಿಲ್ದಾಣದಲ್ಲಿ. ಅದೇ ಕಪ್ಪು ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಚೀಲ, ಅದರಿಂದ ಇಣುಕುವ ಫ್ಲಾನೆಲಿನ ತುದಿ. ಕಣ್ಣಿಗೆ ಪೊರೆ ಬಂದು ಹೊಲಿಗೆ ಬಿಟ್ಟಿದ್ದರು. ಕ್ಲೆಮೆಂಟಿನಾರ ಕಿರಿಮಗಳ ಸಾಡೊವನ್ನು ಪೇಟೆಯ ಆ ದರ್ಜಿಯೇ ಹೊಲಿಯುವವನಿದ್ದ. ಮೊದಲ ಕತ್ತರಿಗೆ ಮಾತ್ರ ಬಾಯಿ ಬರಬೇಕೆಂದು ಅವನೇ ಹಟ ಹಿಡಿದಿದ್ದನಂತೆ.

"ಈಗ ಕೈ ನಡುಗೂದಿಲ್ವಾ ಬಾಯಿ?" ಎಂದು ಕೇಳಿದೆ.

"ನಡುಗ್ತದೆ ಪೇಪರಿನವ್ರೆ. ಪಟಾಕಿ ಹೊಡೆದ ಕೂಡ್ಲೆ ನಿಲ್ತದೆ."

ಅವರ್ಸಾ ಮೇಲೆ ಹೋಗುವ ಅಂಕೋಲೆಯ ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು. ಕಂಡಕ್ಟರ್ ಚೀಲಕ್ಕೆ ಕೈ ಚಾಚಿದ. ಬಾಯಿ ಅವನ ತೋಳು ಹಿಡಿದು ಹತ್ತಿದರು, ಚೀಲ ಕೊಡಲಿಲ್ಲ.