ಪಕ್ಕದ ಮನೆಯ ವಿದೂಷಕ

ಕಳೆದ ಶನಿವಾರ ಇಲ್ಲಿ ಅಮೆರಿಕದ ವೆಸ್ಟ್ ವಿಂಡ್ಸರ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಸ್ಕೂಲ್ ಪ್ರಾಜೆಕ್ಟ್‌ಗೆಂದು ಗ್ಲೂ ಗನ್ ಹಿಡಿದು ಕೂತಿದ್ದಳು. ಕಾದ ಅಂಟಿನ ವಾಸನೆ ಬಡಿದದ್ದೇ ತಡ, ಒಂದು ಹಳೆಯ ಗರಾಜು ಕಣ್ಣ ಮುಂದೆ ಬಂತು... ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರ ಗರಾಜು.

ಅರವತ್ತು ದಾಟಿದ ಕಪ್ಪು ಅಮೆರಿಕನ್ ಅವರು. ವೃತ್ತಿಯಿಂದ ವಿದೂಷಕ. ಕೆಂಪು ಮೂಗು, ಸೂಟ್‌ಕೇಸ್ ತುಂಬ ಆ ಗರಾಜಿನಲ್ಲಿ ಅಂಟು ಕಾಯಿಸಿ ತಾವೇ ಮಾಡಿದ ಗೊಂಬೆಗಳು, ಇಡೀ ಆಟಕ್ಕೆ ಒಬ್ಬರೇ. ಲೈಬ್ರರಿಗಳಲ್ಲಿ, ಚರ್ಚ್ ಹಾಲುಗಳಲ್ಲಿ ಒಂದೂ ಮಾತಿಲ್ಲದೆ ತಮ್ಮ ಜನರ ಕಥೆ ಆಡುತ್ತಿದ್ದರು. ಹತ್ತಿ ಹೊಲದಿಂದ ತಪ್ಪಿಸಿಕೊಂಡು ಓಡುವ ಹೆಂಗಸು, ನಾಟಕದ ಕಂಪನಿಯಲ್ಲಿ ಕುಣಿಯುವ ಮುತ್ತಾತ... ಜನ ನಗುತ್ತಿದ್ದರು, ಆಮೇಲೆ ಯಾವಾಗಲೋ ನಗು ನಿಂತುಹೋಗಿರುತ್ತಿತ್ತು.

ನನಗಾಗ ಹದಿಮೂರು. ಎಲ್ಲರನ್ನೂ ಅಣಕಿಸುವುದೇ ಕಸುಬು. ಧಾರವಾಡದ ಅಂಕಲ್ ಮೀಸೆ ನೇವರಿಸುವುದು, ಮೈಸೂರಿನ ಆಂಟಿ ತಮ್ಮ ಬಿಸಿಬೇಳೆಬಾತನ್ನು ತಾವೇ ಹೊಗಳಿಕೊಳ್ಳುವುದು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಗೊಣಗುವ ನನ್ನಂಥ ಮೊದ್ದು ಮಕ್ಕಳು, ಯಾರನ್ನೂ ಬಿಡುತ್ತಿರಲಿಲ್ಲ. "ನನ್ನನ್ನು ಮಾಡು ನೋಡೋಣ," ಎಂದು ಪಕ್ಕದ ಮನೆಯ ಆ ವಿದೂಷಕರೇ ಕೇಳುತ್ತಿದ್ದರು. ಅವರ ನಡಿಗೆ, ಕೆಮ್ಮು, ಗಂಟಲಲ್ಲೇ ಉರುಳುವ ದನಿ ಎಲ್ಲ ಮಾಡಿ ತೋರಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಏಕಪಾತ್ರಾಭಿನಯ ಸ್ಪರ್ಧೆ ಇತ್ತು. ಅವರನ್ನೇ ಮಾಡುವುದೆಂದು ಹೊರಟೆ, ಗೌರವದಿಂದಲೇ. ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದೂ ನಾವೇ. ತಾನು ಓದಿದ ಬೆಂಗಳೂರಿನ ಸ್ಕೂಲಿನಲ್ಲಿ ಫ್ಯಾನ್ಸಿ ಡ್ರೆಸ್‌ಗೆ ಅಜ್ಜಿ ಮಾಡುತ್ತಿದ್ದ ಹಾಗೆ, ಅಮ್ಮ ಪರದೆಯ ಹಿಂದೆ ನನ್ನ ಗಲ್ಲ ಹಿಡಿದು ಮುಖಕ್ಕೆಲ್ಲ ಕಾಡಿಗೆ ಬಳಿದಳು. "ಅಲ್ಲಾಡ್ಬೇಡ ಕಣೋ, ಕಿವಿ ಹತ್ರ ಇನ್ನೂ ಹತ್ತಿಲ್ಲ." ನಾನೇನು ಬೆಳ್ಳಗಿದ್ದವನಲ್ಲ, ಅರ್ಧ ಡಬ್ಬಿಯೂ ಖರ್ಚಾಗಲಿಲ್ಲ.

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಮೊದಲ ಬಹುಮಾನ ಬಂತು. ಅವರು ಮಾತ್ರ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಊಟಕ್ಕೆ ನಿಲ್ಲಲಿಲ್ಲ.

ಮರುದಿನ ಗರಾಜಿಗೆ ಕರೆದರು. ಮುತ್ತಾತನ ಗೊಂಬೆಯನ್ನು ಹೊರತೆಗೆದರು. ಅದರ ಮುಖಕ್ಕೆ ಮಸಿ ಬಳಿದಿತ್ತು.

"ಬಿಳಿಯರು ಹೀಗೆ ಮಸಿ ಬಳಿದುಕೊಂಡು ನಮ್ಮನ್ನು ಅಣಕಿಸಿ ಊರೂರು ನಗಿಸಿದರು. ನನ್ನ ಮುತ್ತಾತ ಹುಟ್ಟಾ ಕಪ್ಪು. ಆದರೂ ಮಸಿ ಬಳಿದುಕೊಳ್ಳದೆ ಅವನನ್ನು ವೇದಿಕೆ ಹತ್ತಿಸುತ್ತಿರಲಿಲ್ಲ."

ಒದ್ದೆ ಬಟ್ಟೆಯಿಂದ ಗೊಂಬೆಯ ಮುಖವನ್ನು ಮೆಲ್ಲಗೆ ಒರೆಸತೊಡಗಿದರು. ಅವರ ಆಟ ಮುಗಿಯುತ್ತಿದ್ದುದೇ ಹಾಗೆ. ಎಷ್ಟೋ ಸಲ ನೋಡಿದ್ದೆ. ನನ್ನ ಗಮನವೆಲ್ಲ ಅವರ ನಡಿಗೆ ಕದಿಯುವುದರಲ್ಲಿತ್ತು.

"ದನಿ ಚೆನ್ನಾಗಿ ಹಿಡಿದಿದ್ದೀಯ ಮಗೂ. ಅದು ನನ್ನದೇ. ಆ ಬಣ್ಣ ನನ್ನದಲ್ಲ."

ತಪ್ಪಾಯಿತು ಎನ್ನಬೇಕಿತ್ತು. ಬಾಯಿ ತೆರೆದರೆ ಎಂದಿನ ಚಟದಂತೆ ಅಮ್ಮನನ್ನು ಅಣಕಿಸುವ ದನಿಯಲ್ಲಿ ಏನೋ ಕುಚೋದ್ಯ ಬಂತು. ನನ್ನ ಮುಜುಗರ ಕಂಡೇ ಇರಬೇಕು, ಸಣ್ಣಗೆ ನಕ್ಕರು. ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಮುಂದಿನ ವರ್ಷ ಅವರು ನ್ಯೂವರ್ಕ್‌ನ ಮಗಳ ಮನೆಗೆ ಹೋದರು. ಒಂದು ದಿನ ಹೋಗಿ ತಪ್ಪಾಯಿತು ಎಂದು ಹೇಳಿದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಉರುಳಿದವು...

ಈ ಚಳಿಗಾಲದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಒಬ್ಬೊಬ್ಬರೇ ಎದ್ದು ಅವರನ್ನು ನೆನೆದರು. ಅವರ ಮಗಳು ನನ್ನ ಬಳಿ ಬಂದು, "ಅಪ್ಪನನ್ನು ಅಪ್ಪನಿಗಿಂತ ಚೆನ್ನಾಗಿ ಮಾಡ್ತಿದ್ದ ಹುಡುಗ ನೀನೇ ಅಲ್ವಾ? ಒಂದ್ಸಲ ಮಾಡು, ಆ ದನಿ ಕೇಳಬೇಕು," ಎಂದರು.

ದನಿ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು ಕಾಡಿಗೆಯ ಕಥೆ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ.

"ಅಪ್ಪ ಇದನ್ನ ಯಾರಿಗೂ ಹೇಳಿರಲಿಲ್ಲ," ಎಂದರು.

ಈಗಲೂ ಎಲ್ಲರನ್ನೂ ಅಣಕಿಸುತ್ತೇನೆ. ಅವರನ್ನು ಮಾತ್ರ ಕಾರಿನಲ್ಲಿ ಒಬ್ಬನೇ ಇದ್ದಾಗ ಒಮ್ಮೊಮ್ಮೆ ಮಾಡಿನೋಡುತ್ತೇನೆ. ಸರಿಯಿದೆಯೇ ಎಂದು ಹೇಳುವವರಿಲ್ಲ. ದಿನ ಕಳೆದ ಹಾಗೆಲ್ಲ ಆ ದನಿ ಸ್ವಲ್ಪ ಸ್ವಲ್ಪವೇ ನನ್ನದಾಗುತ್ತಿದೆ...